ಜಪಾನಿನ ಹಳೆಯ ಮನೆಸಾಮಾನು ಕೊಳ್ಳುವವರಿಗೆ: ಪೆಟ್ಟಿಗೆಯನ್ನು ನಂಬಬೇಡಿ, ತಳ ನೋಡಿ

ಆಫೀಸಿನ ಕೆಲಸಕ್ಕೆ ಟೋಕಿಯೊಗೆ ಹೊರಟವರು, ಚೆರಿ ಹೂವು ನೋಡಲು ಕ್ಯೋತೊಗೆ ಹೋಗುವವರು, ಮಗಳ ಬಾಣಂತನಕ್ಕೆಂದು ಒಸಾಕಾ ವಿಮಾನ ಹತ್ತುವ ಅಮ್ಮಂದಿರು, ಎಲ್ಲರೂ ಕೇಳುವುದು ಇಷ್ಟೇ: "ಅಲ್ಲಿ ಹಳೆಯ ಪಿಂಗಾಣಿ, ಕಬ್ಬಿಣದ ಕೆಟಲು, ಮರದ ಬೀರು ಸಿಗುತ್ತವಂತೆ. ನಿಜವಾದ ಹಳೆಯದು ಯಾವುದು ಅಂತ ತಿಳಿಯುವುದು ಹೇಗೆ?" ಊರಲ್ಲೇ ಇರುವವರ ಪ್ರಶ್ನೆ ಇನ್ನೊಂದು: "ಅಜ್ಜಿಯ ಕಪಾಟಿನಲ್ಲಿ ಮೇಡ್ ಇನ್ ಜಪಾನ್ ಅಂತ ಅಚ್ಚಿರುವ ಟೀ ಸೆಟ್ ಇದೆ. ಬೆಲೆ ಬಾಳುತ್ತದಾ?" ಇಬ್ಬರಿಗೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ಇದು ಮನೆಯಲ್ಲಿ ಬಳಸುತ್ತಿದ್ದ ವಸ್ತುಗಳ ಬಗ್ಗೆ ಮಾತ್ರ. ಖಡ್ಗ, ಮರದಚ್ಚಿನ ಚಿತ್ರ, ಚಹಾ ಸಮಾರಂಭದ ಬೋಗುಣಿ ಇವೆಲ್ಲ ಬೇರೆ ಬೇರೆ ಲೋಕಗಳು. ಹೊಸಬರು ಅಲ್ಲಿಂದ ಶುರು ಮಾಡಿದರೆ ಕೈ ಸುಟ್ಟುಕೊಳ್ಳುವುದೇ ಹೆಚ್ಚು.

ಜೇಬಿನಲ್ಲಿ ಇರಬೇಕಾದವು: ಸಣ್ಣ ಟಾರ್ಚು, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಅಳತೆ ಟೇಪು, ನೋಟು ತಪಾಸಣೆಗೆ ಬಳಸುವಂಥ ನೇರಳಾತೀತ ಟಾರ್ಚು, ಮೆತ್ತನೆಯ ಹತ್ತಿ ಬಟ್ಟೆ, ನಗದು ಯೆನ್. ಫೋನಿನ ಕ್ಯಾಮೆರಾ ಅನುವಾದ ಅಚ್ಚಕ್ಷರಕ್ಕೆ ಸರಿ. ಕುಂಚದಲ್ಲಿ ಬರೆದ ಹಳೆಯ ಬರಹವನ್ನು ಅದು ಏನೇನೋ ಓದುತ್ತದೆ, ನೆಚ್ಚಿಕೊಳ್ಳಬೇಡಿ.

ಹಂತ 1: ಕಾಲದ ಲೆಕ್ಕ ಕಲಿಯಿರಿ

ವ್ಯಾಪಾರಿಗಳು ಇಸವಿ ಹೇಳುವುದಿಲ್ಲ, ಯುಗದ ಹೆಸರು ಹೇಳುತ್ತಾರೆ. ಎದೊ ಅಂದರೆ 1603ರಿಂದ 1868. ಮೇಜಿ 1868ರಿಂದ 1912. ತೈಶೋ 1912ರಿಂದ 1926. ಶೋವಾ 1926ರಿಂದ 1989. ವಸ್ತುವಿನ ಮೇಲೆ "ಮೇಜಿ 38" ಎಂದಿದ್ದರೆ 1867 ಕೂಡಿಸಿ, 1905 ಬರುತ್ತದೆ. ತೈಶೋ ವರ್ಷಕ್ಕೆ 1911, ಶೋವಾ ವರ್ಷಕ್ಕೆ 1925 ಕೂಡಿಸಬೇಕು. ಎದೊ ಕಾಲದೊಳಗೆ ಮತ್ತೆ ಚಿಕ್ಕ ಚಿಕ್ಕ ಯುಗಗಳಿವೆ. ಗೆನ್ರೊಕು 1688ರಲ್ಲಿ ಶುರು, ಬುನ್ಕಾ 1804ರಲ್ಲಿ, ಬುನ್ಸೆಯಿ 1818ರಲ್ಲಿ, ತೆನ್ಪೊ 1830ರಲ್ಲಿ. ನಮ್ಮಲ್ಲಿ ಸಂವತ್ಸರದ ಹೆಸರಿನಿಂದ ಇಸವಿ ಹುಡುಕುವ ಹಾಗೆಯೇ ಇದೂ. ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಟ್ಟುಕೊಳ್ಳಿ.

ನೂರು ವರ್ಷ ದಾಟಿದ್ದು ಪುರಾತನ ವಸ್ತು ಎಂಬುದು ಕಸ್ಟಮ್ಸ್‌ನವರ ಲೆಕ್ಕ. ಆ ಪ್ರಕಾರ ತೈಶೋ ಕಾಲದ ಕೊನೆಯ ಸಾಮಾನುಗಳು ಈಗಷ್ಟೇ ಆ ಗೆರೆ ದಾಟುತ್ತಿವೆ. ಜಪಾನಿನ ಸಂತೆಯಲ್ಲಿ ಮಾತ್ರ ಎರಡು ಪದ ಕೇಳುತ್ತೀರಿ: ‘ಕೊತ್ತೋ’ ಎಂದರೆ ಬೆಲೆಬಾಳುವ ಹಳೆಯದು, ‘ಫುರುದೋಗು’ ಎಂದರೆ ಬರೀ ಹಳೆಯ ಸಾಮಾನು. ನಿಮ್ಮ ಅದೃಷ್ಟ ಇರುವುದು ಹೆಚ್ಚಾಗಿ ಎರಡನೆಯದರಲ್ಲಿ.

ಈಗ ಅಜ್ಜಿಯ ಟೀ ಸೆಟ್. ಹೊರದೇಶದಿಂದ ಬರುವ ಸರಕಿನ ಮೇಲೆ ಮೂಲ ದೇಶದ ಹೆಸರು ಇರಬೇಕೆಂದು ಅಮೆರಿಕ 1891ರಿಂದ ಕಡ್ಡಾಯ ಮಾಡಿತು. ಅಂದಿನಿಂದ ಇಂಗ್ಲಿಷ್ ಅಕ್ಷರದಲ್ಲಿ ‘ನಿಪ್ಪೊನ್’ (ಜಪಾನೀಯರು ತಮ್ಮ ದೇಶಕ್ಕೆ ಹೇಳುವ ಹೆಸರು) ಎಂದು ಬರೆಯತೊಡಗಿದರು. 1921ರ ನಂತರ ಅದು ‘ಜಪಾನ್’ ಅಥವಾ ‘ಮೇಡ್ ಇನ್ ಜಪಾನ್’ ಆಯಿತು. ಯುದ್ಧ ಸೋತ ಮೇಲೆ, 1952ರಲ್ಲಿ ಅಮೆರಿಕನ್ನರ ಆಡಳಿತ ಮುಗಿಯುವವರೆಗೆ, ಕೆಲವು ಸರಕಿನ ಮೇಲೆ ‘ಆಕ್ಯುಪೈಡ್ ಜಪಾನ್’ ಎಂದಿರುತ್ತಿತ್ತು. ಅಂದರೆ ಇಂಗ್ಲಿಷ್ ಅಚ್ಚು ಕಂಡರೆ ಅದು ರಫ್ತಿಗೆಂದೇ ಮಾಡಿದ ಸರಕು, 1891ಕ್ಕಿಂತ ಹಳೆಯದಾಗಿರುವ ಸಂಭವ ತೀರಾ ಕಡಿಮೆ. 1904ರಲ್ಲಿ ಶುರುವಾದ ನೊರಿತಾಕೆ ಕಂಪನಿಯದ್ದೇ ಆದರೂ ಸಾಮಾನ್ಯ ಟೀ ಸೆಟ್ಟು ಕೋಟಿ ತಂದುಕೊಡುವುದಿಲ್ಲ. ಅಜ್ಜಿಯ ನೆನಪಿಗೆ ಅದರಲ್ಲೇ ಚಹಾ ಕುಡಿಯಿರಿ, ಆದರೆ ಒಳಭಾಗದಲ್ಲಿ ಬಣ್ಣದ ಚಿತ್ರವಿದ್ದರೆ ಬೇಡ. ಕಾರಣ ಮುಂದೆ ಹೇಳುತ್ತೇನೆ.

ನಿಜಕ್ಕೂ ಗಮನಿಸಬೇಕಾದದ್ದು ನಮ್ಮ ಗೋಡೆಗಳ ಮೇಲೆ ಇರಬಹುದು. 1920–30ರ ದಶಕಗಳಲ್ಲಿ ಜಪಾನ್ ಭಾರತಕ್ಕೆ ಉಬ್ಬುಚಿತ್ರದ ಬಣ್ಣದ ಟೈಲ್ಸ್ ಕಳಿಸುತ್ತಿತ್ತು. ಹೂಬಳ್ಳಿಯದ್ದೂ ಇದ್ದವು, ರವಿವರ್ಮನ ಚಿತ್ರಗಳ ಮಾದರಿಯ ಲಕ್ಷ್ಮಿ, ಸರಸ್ವತಿ, ಕೃಷ್ಣರೂ ಇದ್ದರು. ಚೆಟ್ಟಿನಾಡಿನ ಮನೆಗಳಲ್ಲಿ ಅವು ಇಂದಿಗೂ ಇವೆ. ಹಳೆಯ ಮನೆ ಕೆಡವುವ ಸುದ್ದಿ ಬಂದರೆ ದೇವರ ಕೋಣೆಯ, ಜಗುಲಿಯ ಟೈಲ್ಸ್‌ಗಳ ಬೆನ್ನು ತಿರುಗಿಸಿ ನೋಡಿ.

ಹಂತ 2: ಒಂದೇ ದಾರಿ ಹಿಡಿಯಿರಿ

ಎಲ್ಲವನ್ನೂ ಸ್ವಲ್ಪ ಸ್ವಲ್ಪ ಕೊಳ್ಳುವವರ ಮನೆ ಕೊನೆಗೆ ಗುಜರಿ ಅಂಗಡಿಯಂತೆ ಕಾಣುತ್ತದೆ. ಮೊದಲ ಎರಡು ವರ್ಷ ಒಂದೇ ಬಗೆ ಸಾಕು. ನನ್ನನ್ನು ಕೇಳಿದರೆ ‘ಸೊಮೆತ್ಸುಕೆ’, ಅಂದರೆ ಬಿಳಿ ಪಿಂಗಾಣಿಯ ಮೇಲೆ ನೀಲಿ ಚಿತ್ರ ಬರೆದದ್ದು. ಅದರಲ್ಲೂ ‘ಸೋಬಾ ಚೋಕೊ’ ಎಂಬ ಪುಟ್ಟ ಲೋಟ. ‘ಸೋಬಾ’ ಅಂದರೆ ಬಕ್‌ವೀಟ್ ಎಂಬ ಧಾನ್ಯದ ಶಾವಿಗೆ, ಅದನ್ನು ಅದ್ದಿ ತಿನ್ನುವ ಸಾರು ಹಾಕುವುದರಿಂದ ಬಂದ ಹೆಸರು, ನಮ್ಮ ಫಿಲ್ಟರ್ ಕಾಫಿಗೆ ಹೇಳಿ ಮಾಡಿಸಿದ ಅಳತೆ. ಎದೊ ಕಾಲದಲ್ಲಿ ಇವನ್ನು ಲೆಕ್ಕವಿಲ್ಲದಷ್ಟು ಮಾಡಿದ್ದರಿಂದ ಇಂದಿಗೂ ಕೈಗೆಟುಕುವ ಬೆಲೆಗೆ ಸಿಗುತ್ತವೆ. ಚಿತ್ರಗಳು ಸಾವಿರಾರು ಬಗೆ, ಗಾತ್ರ ಅಂಗೈಯಷ್ಟು, ಸೂಟ್‌ಕೇಸಿನಲ್ಲಿ ಹತ್ತು ಹಿಡಿಯುತ್ತವೆ.

ಇವೆಲ್ಲ ತಯಾರಾದದ್ದು ಕ್ಯೂಶೂ ದ್ವೀಪದ ಅರಿತಾ ಸುತ್ತಮುತ್ತ. 1616ರಲ್ಲಿ ಕೊರಿಯಾ ಮೂಲದ ಕುಂಬಾರ ಯೀ ಸಾಮ್‌ಪ್ಯೊಂಗ್ ಅಲ್ಲಿ ಪಿಂಗಾಣಿ ಮಣ್ಣು ಕಂಡುಹಿಡಿದ ಎಂಬುದು ಪರಂಪರೆಯ ಮಾತು. ಸರಕು ಹಡಗು ಹತ್ತುತ್ತಿದ್ದದ್ದು ಪಕ್ಕದ ಇಮಾರಿ ಬಂದರಿನಲ್ಲಿ. ಮೋಕಾ ಬಂದರಿನ ಹೆಸರು ಕಾಫಿಗೆ ಅಂಟಿದಂತೆ ಈ ಪಿಂಗಾಣಿಗೆ ‘ಇಮಾರಿ’ ಅಂಟಿತು. ‘ಕೊ-ಇಮಾರಿ’ ಎಂದರೆ ಹಳೆಯ ಇಮಾರಿ. ಸಂತೆಯಲ್ಲಿ ಈ ಮಾತನ್ನು ಧಾರಾಳವಾಗಿ ಬಳಸುತ್ತಾರೆ, ಅದಕ್ಕೆ ತೂಕ ಕೊಡಬೇಡಿ.

ಇನ್ನೂ ಅಗ್ಗಕ್ಕೆ ಬೇಕೆಂದರೆ ‘ಇನ್ಬಾನ್’ ಕೊಳ್ಳಿ. ಮೇಜಿ ಕಾಲದಲ್ಲಿ ಕೈಯಿಂದ ಬರೆಯುವುದನ್ನು ಬಿಟ್ಟು ಅಚ್ಚಿನಿಂದ ಚಿತ್ರ ಇಳಿಸಿದ ತಟ್ಟೆ-ಬಟ್ಟಲು ಇವು. ಕೆಲವು ನೂರು ಯೆನ್‌ಗೂ ಸಿಗುವುದರಿಂದ ಇವನ್ನು ನಕಲು ಮಾಡುವ ಕಷ್ಟ ಯಾರೂ ತೆಗೆದುಕೊಳ್ಳುವುದಿಲ್ಲ, ಹೊಸಬರಿಗೆ ಇದಕ್ಕಿಂತ ನಿರ್ಭಯದ ಜಾಗ ಇಲ್ಲ. ಕೆನೆಬಣ್ಣದ ಮೇಲೆ ಚಿನ್ನ ಮೆತ್ತಿದ ‘ಸಾತ್ಸುಮಾ’ ಹೂದಾನಿಗಳಿಂದ ಮಾತ್ರ ದೂರ ಇರಿ. ವೃತ್ತದೊಳಗೆ ಅಡ್ಡಗೆರೆ-ಉದ್ದಗೆರೆ ಇರುವ ಶಿಮಾಜು ಮನೆತನದ ಗುರುತು ಕಂಡ ತಕ್ಷಣ ಖುಷಿಪಡುವವರೇ ಹೆಚ್ಚು, ಆ ಗುರುತನ್ನು ಎಲ್ಲರೂ ಹಾಕಿದ್ದಾರೆ.

ಹಂತ 3: ಕೊಳ್ಳುವ ಮೊದಲು ನೋಡಿ

ಟೋಕಿಯೊದ ಉಎನೊದಲ್ಲಿ ರಾಷ್ಟ್ರೀಯ ವಸ್ತುಸಂಗ್ರಹಾಲಯ ಇದೆ. ಆದರೆ ದಿನಬಳಕೆಯ ವಸ್ತುಗಳಿಗೆ ಕೊಮಾಬಾದ ಜಪಾನ್ ಜಾನಪದ ಕರಕುಶಲ ಸಂಗ್ರಹಾಲಯವೇ ಮೇಲು. ಯಾನಾಗಿ ಸೋಎತ್ಸು 1936ರಲ್ಲಿ ತೆರೆದದ್ದು. ಹೆಸರಿಲ್ಲದ ಕುಶಲಕರ್ಮಿ ಮಾಡಿದ ಸಾದಾ ಸಾಮಾನಿನಲ್ಲಿ ಸೊಗಸಿದೆ ಎಂದು ಸಾರಿ, ‘ಮಿಂಗೆಯಿ’ ಎಂಬ ಪದವನ್ನು ಗೆಳೆಯರ ಜೊತೆ ಹುಟ್ಟುಹಾಕಿದವರು ಅವರು. ಅರಿತಾಗೆ ಹೋದರೆ ಕ್ಯೂಶೂ ಪಿಂಗಾಣಿ ಸಂಗ್ರಹಾಲಯದ ಶಿಬಾತಾ ಸಂಗ್ರಹ ನೋಡದೆ ಬರಬೇಡಿ. ಹತ್ತು ಸಾವಿರಕ್ಕೂ ಮಿಕ್ಕಿದ ಆ ಸಂಗ್ರಹದಿಂದ ಆರಿಸಿ, ಯಾವ ದಶಕದಲ್ಲಿ ತಳ ಹೇಗಿತ್ತು, ಅಂಚು ಹೇಗಿತ್ತು ಎಂದು ಸಾಲಾಗಿ ಜೋಡಿಸಿದ್ದಾರೆ. ಜಪಾನಿಗೆ ಹೋಗಲಾಗದವರಿಗೆ ಹೈದರಾಬಾದಿನ ಸಾಲಾರ್ ಜಂಗ್ ಸಂಗ್ರಹಾಲಯ ಹತ್ತಿರ. ಅಲ್ಲಿ ಜಪಾನಿನ ಪಿಂಗಾಣಿಯ ಒಳ್ಳೆಯ ರಾಶಿಯೇ ಇದೆ.

ಹಂತ 4: ಸಂತೆಗೆ ಹೋಗುವ ದಿನ

ಕ್ಯೋತೊದಲ್ಲಿ ಎರಡು ತಾರೀಖು ನೆನಪಿಡಿ. ಪ್ರತಿ ತಿಂಗಳ 21ಕ್ಕೆ ತೋಜಿ ದೇವಾಲಯದಲ್ಲಿ, 25ಕ್ಕೆ ಕಿತಾನೊ ತೆನ್ಮಾನ್‌ಗೂ ಗುಡಿಯಲ್ಲಿ. 835ರಲ್ಲಿ ಕೂಕಾಯಿ ಎಂಬ ಯತಿ ತೀರಿಕೊಂಡ ತಿಥಿ 21, ಆರಾಧನೆಗೆ ಬಂದ ಜನರಿಗೆಂದು ಅಂಗಡಿ ಸಾಲು ಬೆಳೆದದ್ದು, ನಮ್ಮ ಜಾತ್ರೆಗಳ ಹಾಗೆ. ಅಲ್ಲಿ ಉಪ್ಪಿನಕಾಯಿ, ಗಿಡ, ಹಳೆ ಬಟ್ಟೆ ಎಲ್ಲವೂ ಇರುತ್ತವೆ, ಹಳೆಯ ಸಾಮಾನಿನ ಸಾಲನ್ನು ಹುಡುಕಿಕೊಂಡು ಹೋಗಬೇಕು. ಟೋಕಿಯೊದಲ್ಲಿ ಯೂರಾಕುಚೊ ಬಳಿಯ ಇಂಟರ್‌ನ್ಯಾಷನಲ್ ಫೋರಂ ಅಂಗಳದ ಓಎದೊ ಸಂತೆ ಸಾಮಾನ್ಯವಾಗಿ ತಿಂಗಳ ಮೊದಲ ಮತ್ತು ಮೂರನೆಯ ಭಾನುವಾರ. ಮಳೆ ಬಂದರೆ ರದ್ದಾಗುತ್ತದೆ, ಆ ತಿಂಗಳ ಪಟ್ಟಿ ನೋಡಿಕೊಂಡೇ ಹೊರಡಿ. ಸೆತಾಗಾಯಾದ ಬೊರೊ-ಇಚಿ 1578ರಿಂದ ನಡೆದುಬಂದದ್ದು. ಡಿಸೆಂಬರ್ 15–16, ಜನವರಿ 15–16 ಮಾತ್ರ, ಕಾಲಿಡಲು ಜಾಗ ಇರುವುದಿಲ್ಲ.

ಬೆಳಕು ಹರಿಯುವಾಗಲೇ ಹೋಗಿ. ಒಳ್ಳೆಯದೆಲ್ಲ ಬೇರೆ ವ್ಯಾಪಾರಿಗಳೇ ಎತ್ತಿಕೊಳ್ಳುವುದು ಆ ಹೊತ್ತಿನಲ್ಲಿ. ಅಂಗಡಿಯಿಂದ ಕೊಳ್ಳುವುದಾದರೆ ‘ಕೊಬುತ್ಸುಶೋ’ ಪರವಾನಗಿಯ ಫಲಕ ಗೋಡೆಯ ಮೇಲೆ ಇದೆಯೇ ನೋಡಿ. ಹಳೆಯ ಸಾಮಾನು ಮಾರಲು ಆ ದೇಶದಲ್ಲಿ ಅದು ಕಡ್ಡಾಯ.

ಆನ್‌ಲೈನ್ ಹರಾಜಿನಲ್ಲಿ ಮೂರು ಮಾತು ಗುರುತಿಸಲು ಕಲಿಯಿರಿ. ‘ಗೆಂಜೊ’ ಎಂದರೆ ಇದ್ದ ಹಾಗೆಯೇ. ‘ನೋ ಕ್ಲೇಮ್ ನೋ ರಿಟರ್ನ್’ ಎಂದರೆ ಒಡೆದಿದ್ದರೂ ನಿಮ್ಮದೇ. ಹೆಸರಿನ ಮುಂದೆ ‘ದೆನ್’ ಎಂದಿದ್ದರೆ "ಅವರದ್ದಂತೆ" ಎಂದರ್ಥ, ಆ ‘ಅಂತೆ’ಗೆ ಕಂತೆ ಕಂತೆ ದುಡ್ಡು ಕೊಡಬೇಡಿ. ಹಳೆಯ ಮನೆಯ ಉಗ್ರಾಣದಿಂದ ಈಗಷ್ಟೇ ತೆಗೆದದ್ದು ಎನ್ನಲು ‘ಉಬುದಾಶಿ’ ಎನ್ನುತ್ತಾರೆ. ಎಲ್ಲರೂ ಎನ್ನುತ್ತಾರೆ.

ಹಂತ 5: ಪಿಂಗಾಣಿಯನ್ನು ಕೈಯಲ್ಲಿ ಹಿಡಿದಾಗ

ಮೊದಲು ಅನುಮತಿ: "ಸವಾತ್ತೆ ಮೊ ಈ ದೆಸ್ ಕಾ", ಮುಟ್ಟಬಹುದಾ ಎಂದು. ಉಂಗುರ, ಕಡಗ ತೆಗೆದಿಡಿ. ಎರಡೂ ಕೈಯಲ್ಲಿ ಹಿಡಿಯಿರಿ, ಮೇಜಿನಿಂದ ಒಂದು ಗೇಣಿಗಿಂತ ಮೇಲೆ ಎತ್ತಬೇಡಿ.

ಈಗ ಮಗುಚಿ. ಚಿತ್ರ ಮನಸ್ಸನ್ನು ಮರುಳು ಮಾಡುತ್ತದೆ, ತಳಕ್ಕೆ ಆ ಅಭ್ಯಾಸ ಇಲ್ಲ. ತಳದ ಬಳೆಗೆ ‘ಕೋದಾಯಿ’ ಎನ್ನುತ್ತಾರೆ. ನೂರಾರು ವರ್ಷ ಮರದ ಮೇಲೆ, ತಟ್ಟೆಯ ಮೇಲೆ ಉಜ್ಜಿದ ಬಳೆ ನುಣುಪಾಗಿರುತ್ತದೆ, ಆದರೆ ಎಲ್ಲ ಕಡೆ ಒಂದೇ ಸಮ ಅಲ್ಲ. ಚಹಾದ ಕಂದು ನೀರಿನಲ್ಲಿ ಅದ್ದಿ ಹಳೆಯದಾಗಿಸಿದ ಬಳೆ ಸುತ್ತಲೂ ಒಂದೇ ಬಣ್ಣ. ಅಗಲವಾದ ತಟ್ಟೆಯಾದರೆ ತಳದ ಒಳಗೆ ಸಾಸಿವೆಯಷ್ಟು ಚಿಕ್ಕ ಕಲೆಗಳು ಒಂದೋ ಮೂರೋ ಐದೋ ಕಾಣಬಹುದು. ಆವಿಗೆಯಲ್ಲಿ ತಳ ಕುಸಿಯದಂತೆ ಕೊಟ್ಟ ಮಣ್ಣಿನ ಊರೆಗಳ ಗುರುತು ಅವು. ಅರಿತಾದ ಕುಂಬಾರರ ಅಭ್ಯಾಸ ಇದು, ಚೀನಾದ ಜಿಂಗ್‌ದೆಝೆನ್‌ನಲ್ಲಿ ಹೀಗೆ ಮಾಡುತ್ತಿರಲಿಲ್ಲ.

ಇಲ್ಲೇ ದೊಡ್ಡ ಗೊಂದಲ. ತಳದಲ್ಲಿ ಆರು ಚೀನೀ ಅಕ್ಷರಗಳಿದ್ದು, ಫೋನು ಅದನ್ನು "ಮಿಂಗ್ ವಂಶದ ಚೆಂಗ್‌ಹುವಾ ಕಾಲದ್ದು" ಎಂದು ಅನುವಾದಿಸಿದರೆ ಹದಿನೈದನೆಯ ಶತಮಾನದ ಚೀನಾ ಬಟ್ಟಲು ಸಿಕ್ಕಿತೆಂದು ಕುಣಿಯಬೇಡಿ. ಜಪಾನಿನ ಕುಂಬಾರರು ಅಂದಕ್ಕೆಂದು ಅದೇ ಮುದ್ರೆಯನ್ನು ಸಾವಿರಾರು ಬಟ್ಟಲಿಗೆ ಬರೆದಿದ್ದಾರೆ.

ನೀಲಿಯನ್ನು ನೋಡಿ. ಎದೊ ಕಾಲದ ನೀಲಿಯಲ್ಲಿ ಸ್ವಲ್ಪ ಬೂದು, ಸ್ವಲ್ಪ ಮಬ್ಬು. ಮೇಜಿಯಲ್ಲಿ ಯುರೋಪಿನ ಕೃತಕ ಕೋಬಾಲ್ಟ್ ಬಂದ ಮೇಲೆ ನೀಲಿ ಕಣ್ಣಿಗೆ ಹೊಡೆಯುವಷ್ಟು ಗಾಢವಾಯಿತು. ಭೂತಗನ್ನಡಿಯಲ್ಲಿ ಗೆರೆ ನೋಡಿ: ಕುಂಚದ ಗೆರೆ ಶುರುವಲ್ಲಿ ದಪ್ಪ, ಕೊನೆಯಲ್ಲಿ ತೆಳು. ಕೊರೆದ ಕಾಗದದ ಅಚ್ಚಿನಲ್ಲಿ ಗೆರೆ ಅಲ್ಲಲ್ಲಿ ಕಡಿದಿರುತ್ತದೆ, ರಂಗೋಲಿ ಜಾಲರಿಯಿಂದ ಪುಡಿ ಉದುರಿಸಿದ ಹಾಗೆ. ತಾಮ್ರದ ಫಲಕದ ಅಚ್ಚಿನಲ್ಲಿ ಗೆರೆ ಕೂದಲಿನಷ್ಟು ಸಣ್ಣ, ಆದರೆ ಎರಡು ಕಾಗದ ಕೂಡುವಲ್ಲಿ ಚಿತ್ರ ಸೇರುವುದಿಲ್ಲ. ಆ ಸೇರದ ಜಾಗವೇ ನನಗೆ ಇಷ್ಟ.

ನಂತರ ಕಿವಿ. ಮಡಕೆ ಕೊಳ್ಳುವಾಗ ನಮ್ಮ ಹೆಂಗಸರು ಬೆರಳಿನಿಂದ ತಟ್ಟುತ್ತಾರಲ್ಲ, ಅದೇ. ಬಟ್ಟಲನ್ನು ಅಂಗೈ ಮೇಲೆ ಕೂರಿಸಿ ಉಗುರಿನಿಂದ ಮೆಲ್ಲಗೆ ತಟ್ಟಿ. ಗಟ್ಟಿ ಬಟ್ಟಲು ಗಂಟೆಯಂತೆ ನುಡಿಯುತ್ತದೆ. ಬಿರುಕು ಬಿಟ್ಟದ್ದು ‘ಡಬ್’ ಎನ್ನುತ್ತದೆ.

ಊನದ ಪದಗಳನ್ನು ಕಲಿತರೆ ವ್ಯಾಪಾರಿ ನಿಮ್ಮನ್ನು ಬೇರೆ ಕಣ್ಣಿನಿಂದ ನೋಡುತ್ತಾನೆ. ‘ನ್ಯೂ’ ಎಂದರೆ ಕೂದಲೆಳೆಯ ಬಿರುಕು. ‘ಹೊತ್ಸು’ ಎಂದರೆ ಅಂಚಿನಲ್ಲಿ ಚಕ್ಕೆ ಎದ್ದದ್ದು. ‘ನಾವೊಶಿ’ ಎಂದರೆ ರಿಪೇರಿ. ‘ಕಿಂತ್ಸುಗಿ’ ಗೊತ್ತೇ ಇದೆ, ಉರುಶಿ ಎಂಬ ಮರದ ಅಂಟಿನಿಂದ ಜೋಡಿಸಿ ಮೇಲೆ ಚಿನ್ನದ ಪುಡಿ ಹಾಕಿದ್ದು. ಕಷ್ಟದ್ದು ‘ತೊಮೊನಾವೊಶಿ’, ಒಡೆದದ್ದೇ ಗೊತ್ತಾಗದಂತೆ ಬಣ್ಣ ಕೂಡಿಸಿ ಮುಚ್ಚಿದ ರಿಪೇರಿ. ಇದಕ್ಕೇ ನೇರಳಾತೀತ ಟಾರ್ಚು ತಂದದ್ದು. ಕತ್ತಲಲ್ಲಿ ಬೆಳಕು ಬಿಟ್ಟರೆ ರಿಪೇರಿಯ ಜಾಗ ಉಳಿದ ಮೈಗಿಂತ ಬೇರೆಯಾಗಿ ಹೊಳೆಯುತ್ತದೆ. ನೇರವಾಗಿಯೂ ಕೇಳಿ: "ನಾವೊಶಿ ವ ಅರಿಮಾಸ್ ಕಾ?" ಕೇಳದಿದ್ದರೆ ಹೇಳದೆ ಸುಮ್ಮನಿರುವವರಿದ್ದಾರೆ. ಕೇಳಿದ ಮೇಲೆ ಮುಖಕ್ಕೆ ಮುಖ ಕೊಟ್ಟು ಸುಳ್ಳು ಹೇಳುವವರು ಅಪರೂಪ.

ಕಿಂತ್ಸುಗಿಗೆ ಈಗ ಜಗತ್ತೇ ಮರುಳಾಗಿದೆ. ಅದಕ್ಕೇ ಎಚ್ಚರ: ಎಪಾಕ್ಸಿ ಅಂಟಿಗೆ ಹಿತ್ತಾಳೆ ಪುಡಿ ಬೆರೆಸಿದ ‘ಕಿಂತ್ಸುಗಿ’ಯೇ ಸಂತೆಯಲ್ಲಿ ತುಂಬಿದೆ. ಉರುಶಿಯದ್ದಾದರೆ ಒಣಗಲು ವಾರಗಟ್ಟಲೆ ಬೇಕು, ಗೆರೆ ತೆಳುವಾಗಿ ಮೈಗೆ ಅಂಟಿರುತ್ತದೆ. ಎಪಾಕ್ಸಿ ಗೆರೆ ಉಬ್ಬಿ, ಉಗುರಿಗೆ ಪ್ಲಾಸ್ಟಿಕ್ಕಿನಂತೆ ಸಿಗುತ್ತದೆ.

ಇನ್ನೊಂದು ಜೋಡಿ ಪದ: ‘ಉತ್ಸುಶಿ’ ಎಂದರೆ ಹಳೆಯದನ್ನು ಗೌರವದಿಂದ ಮತ್ತೆ ಮಾಡಿದ್ದು, ‘ನಿಸೆಮೊನೊ’ ಎಂದರೆ ಖೋಟಾ. ವಸ್ತು ಎರಡೂ ಒಂದೇ ಥರ ಇರಬಹುದು, ಮಾರುವವನು ಏನೆಂದು ಹೇಳಿ ಮಾರಿದ ಎಂಬುದರಲ್ಲಿ ವ್ಯತ್ಯಾಸ.

ಹಂತ 6: ಪೆಟ್ಟಿಗೆ

ಜಪಾನಿನಲ್ಲಿ ಒಳ್ಳೆಯ ವಸ್ತು ಮರದ ಪೆಟ್ಟಿಗೆಯಲ್ಲಿ ಇರುತ್ತದೆ. ಮಾಡಿದವನೇ ಸಹಿ ಹಾಕಿದ ಪೆಟ್ಟಿಗೆ ‘ತೊಮೊಬಾಕೊ’, ಮುಚ್ಚಳದ ಬರಹ ‘ಹಾಕೊಗಾಕಿ’, ಬೇರೆಲ್ಲಿಂದಲೋ ತಂದು ಅಳತೆಗೆ ಹೊಂದಿಸಿದ್ದು ‘ಅವಾಸೆಬಾಕೊ’. ಖಾಲಿ ಹಳೆಯ ಪೆಟ್ಟಿಗೆಗಳನ್ನೇ ಬೇರೆಯಾಗಿ ಮಾರುತ್ತಾರೆ. ಯಾಕೆ ಕೊಳ್ಳುತ್ತಾರೆ ಎಂದು ನೀವೇ ಊಹಿಸಿ. ವಸ್ತುವನ್ನು ಒಳಗಿಟ್ಟಾಗ ಸುತ್ತ ಬೆರಳು ತೂರುವಷ್ಟು ಜಾಗ ಮಾತ್ರ ಇರಬೇಕು. ಅಲುಗಾಡಿದರೆ, ಓರೆಯಾಗಿ ಕೂತರೆ, ಒಳಗಿನ ಮರದ ಮೇಲಿನ ಒತ್ತುಗುರುತು ತಳದ ಬಳೆಗೆ ಹೊಂದದಿದ್ದರೆ, ವಸ್ತುವಿಗೂ ಪೆಟ್ಟಿಗೆಗೂ ಆದ ಮದುವೆ ಇತ್ತೀಚಿನದು.

ಆದರೆ ಮನೆತನದ ಸಾದಾ ಪೆಟ್ಟಿಗೆ ಬಲು ಮಾತಾಡುತ್ತದೆ. ನಮ್ಮಲ್ಲಿ ಮದುವೆಗೆ ಕೊಟ್ಟ ಪಾತ್ರೆಯ ಅಂಚಿನಲ್ಲಿ ಹೆಸರು, ತಾರೀಖು ಕೊರೆಸುತ್ತಾರಲ್ಲ, ಅವರು ಪೆಟ್ಟಿಗೆಯ ಮೇಲೆ ಕುಂಚದಲ್ಲಿ ಬರೆಯುತ್ತಿದ್ದರು: ಯಾವ ವರ್ಷ ಕೊಂಡದ್ದು, ಯಾವ ಮನೆಯದು, ಎಷ್ಟು ಜನರಿಗಾಗುವಷ್ಟು. "ಇಪ್ಪತ್ತು ಜನಕ್ಕೆ" ಎಂದಿದ್ದು ಒಳಗೆ ಹದಿನೇಳು ಬಟ್ಟಲು ಇದ್ದರೆ ಚೌಕಾಸಿಗೆ ಅದೇ ಆಧಾರ. ಅವರ ಸೆಟ್ಟು ಆರರದ್ದಲ್ಲ, ಐದರದ್ದು. ಆರು ಹುಡುಕುತ್ತಾ ಕೂರಬೇಡಿ.

ಹಂತ 7: ಕಬ್ಬಿಣ, ಅರಗು, ಮರ

ಕಬ್ಬಿಣದ ಕೆಟಲು ‘ತೆತ್ಸುಬಿನ್’. ಒಳಗೆ ಹೊಳೆಯುವ ಕಪ್ಪು ಎನಾಮಲ್ ಮತ್ತು ಸೋಸುವ ಜಾಲರಿ ಇದ್ದರೆ ಅದು ಚಹಾ ಸೋಸುವ ಹೂಜಿ, ಒಲೆಯ ಮೇಲೆ ಇಡುವಂಥದ್ದಲ್ಲ. ನಿಜವಾದದ್ದರ ಒಳಮೈ ಬರಿ ಕಬ್ಬಿಣ. ‘ನಾಂಬು’ ಕೆಟಲು ಎಂದರೆ ಉತ್ತರದ ಇವಾತೆ ಪ್ರಾಂತ್ಯದ ಮೊರಿಯೊಕಾ ಕಡೆಯದು. ಕ್ಯೋತೊದ ರ್‍ಯೂಬುಂದೋ ಎಂಬ ಎರಕದ ಮನೆಯ ಕೆಟಲಿಗೆ ಚೀನಾದ ಗಿರಾಕಿಗಳು ಸುರಿದ ಹಣದಿಂದಾಗಿ ಆ ಮುದ್ರೆಯ ಖೋಟಾ ಕೆಟಲುಗಳು ಸಾಲುಸಾಲಾಗಿ ಬಂದಿವೆ. ಹೆಸರು ಬಿಡಿ, ಹಿಡಿಕೆ ನೋಡಿ. ತೆಳು ಕಬ್ಬಿಣದ ಹಾಳೆಯನ್ನು ಬಡಿದು ಕೊಳವೆಯಂತೆ ಸುತ್ತಿದ ಟೊಳ್ಳು ಹಿಡಿಕೆ ಒಳ್ಳೆಯ ಕೆಲಸದ ಗುರುತು. ಸಾಧ್ಯವಾದರೆ ನೀರು ತುಂಬಿ ಕಾಗದದ ಮೇಲೆ ಹತ್ತು ನಿಮಿಷ ಇಡಿ. ಸೋರುವ ಕೆಟಲು ಹೂದಾನಿಗೆ ಮಾತ್ರ.

ಅರಗಿನ ಸಾಮಾನಿನಲ್ಲಿ ನಮಗೆ ಒಂದು ತಪ್ಪು ತಿಳಿವಳಿಕೆ ಸಹಜ. ಚನ್ನಪಟ್ಟಣದ ಬೊಂಬೆಯ ಅರಗು ಕೀಟದಿಂದ ಬರುತ್ತದೆ, ಬಿಸಿಗೆ ಕರಗುತ್ತದೆ. ಜಪಾನಿನ ‘ಉರುಶಿ’ ಒಂದು ಮರದ ಹಾಲು. ಗಟ್ಟಿಯಾದ ಮೇಲೆ ಬಿಸಿ ಸಾರು ಸುರಿದರೂ ಜಗ್ಗುವುದಿಲ್ಲ. ಮಾವು, ಗೋಡಂಬಿ, ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕರಿಗೇರು ಇವೆಲ್ಲದರ ಕುಲದ್ದೇ ಆ ಮರ, ಹಸಿ ಹಾಲು ತಾಗಿದರೆ ಗೇರೆಣ್ಣೆಯಂತೆಯೇ ಮೈ ಸುಡುತ್ತದೆ. ತಮಾಷೆ ಏನೆಂದರೆ, ಉರುಶಿಯ ಬದಲಿಗೆ ಜಪಾನಿನಲ್ಲಿ ಬಳಸುವ ಅಗ್ಗದ ಬಣ್ಣದ ಹೆಸರೇ ‘ಕಾಶೂ’, ಗೋಡಂಬಿ ಸಿಪ್ಪೆಯ ಎಣ್ಣೆಯಿಂದ ಮಾಡಿದ್ದು. ಹಳೆಯ ಬಟ್ಟಲಿಗೆ ಇದನ್ನು ಬಳಿದು ಹೊಸ ಮೆರುಗು ಕೊಟ್ಟಿರುತ್ತಾರೆ. ತೀರಾ ನಿಗಿನಿಗಿ ಹೊಳೆದರೆ ಅನುಮಾನಿಸಿ. ಎತ್ತಿ ನೋಡಿ: ಮರದ್ದು ಹಗುರ, ಕೈಗೆ ಬೆಚ್ಚಗೆ. ಅಂಚಿನಲ್ಲಿ ಅಚ್ಚಿನ ಗೆರೆ ಸಿಕ್ಕರೆ ಪ್ಲಾಸ್ಟಿಕ್. ಚಿನ್ನದ ಪುಡಿಯ ಚಿತ್ರಕ್ಕೆ ‘ಮಾಕಿಎ’ ಎಂದು ಹೆಸರು.

ಬೀರು ‘ತನ್ಸು’. ಬಟ್ಟೆಯದು, ವ್ಯಾಪಾರಿಯ ಲೆಕ್ಕಪತ್ರದ್ದು, ಅಡುಗೆಮನೆಯದು, ಔಷಧದ ನೂರು ಖಾನೆಯದು, ಮೆಟ್ಟಿಲಿನ ಕೆಳಗೆ ಖಾನೆಗಳಿರುವುದು ಹೀಗೆ ಬಗೆಬಗೆ. ಒಂದು ಕಾಲದಲ್ಲಿ ಚಕ್ರದ ಬೀರೂ ಇತ್ತು. 1657ರಲ್ಲಿ ಎದೊ ನಗರದ (ಇಂದಿನ ಟೋಕಿಯೊ) ಮಹಾಬೆಂಕಿಯಲ್ಲಿ ಜನ ಅವನ್ನು ಎಳೆದುಕೊಂಡು ಓಡಲು ಹೋಗಿ ಬೀದಿಗಳೇ ಕಟ್ಟಿಕೊಂಡವು, ಮುಂದೆ ದೊಡ್ಡ ನಗರಗಳಲ್ಲಿ ನಿಷೇಧ ಬಂತು. ಹಗುರವಾದ ‘ಕಿರಿ’ ಮರ ಬಟ್ಟೆಗೆ, ಗಟ್ಟಿಯಾದ ‘ಕೆಯಾಕಿ’ ಮುಂಭಾಗದ ಅಂದಕ್ಕೆ. ಪರೀಕ್ಷಿಸುವಾಗ ಮುಂಭಾಗ ಬಿಟ್ಟು ಖಾನೆ ಹೊರಗೆಳೆದು ಬೆನ್ನು, ತಳ ನೋಡಿ. ಹಿಡಿಕೆಯ ಸುತ್ತ ಬೇರೆ ಆಕಾರದ ಹಳೆಯ ನೆರಳು ಇದ್ದರೆ ಹಿಡಿಕೆ ಬದಲಾಗಿದೆ. ಒಂದರ ಮೇಲೊಂದು ಕೂರುವ ಎರಡು ತುಂಡಿನ ಬೀರುವಿನಲ್ಲಿ ಎರಡರ ಮರದ ಎಳೆ, ಕಬ್ಬಿಣದ ಕೆಲಸ ಒಂದೇ ಆಗಿರಬೇಕು. ಕಿರಿ ಬೀರುವನ್ನು ತೊಳೆದು, ಹತ್ತರಿ ಹೊಡೆದು, ಮಣ್ಣಿನ ಪುಡಿ ಬಳಿದು ಹೊಸದಾಗಿಸುವುದು ಅಲ್ಲಿನ ರೂಢಿ, ಅದು ಮೋಸವಲ್ಲ. ಆದರೆ ಹೊಸಬರಿಗೆ ನನ್ನ ಸಲಹೆ, ಬೀರು ಬೇಡ. ಹೊಲಿಗೆ ಪೆಟ್ಟಿಗೆ ‘ಹಾರಿಬಾಕೊ’ ಕೊಳ್ಳಿ. ಅದೇ ಮರಗೆಲಸ, ಅವೇ ಪುಟ್ಟ ಖಾನೆಗಳು, ತೊಡೆಯ ಮೇಲೆ ಕೂರುವ ಗಾತ್ರ.

ಹಂತ 8: ಎಷ್ಟೇ ಚೆಂದವಿದ್ದರೂ ಕೊಳ್ಳಬಾರದ್ದು

ದಂತ. ಸೊಂಟದ ದಾರಕ್ಕೆ ಕಟ್ಟುವ ‘ನೆತ್ಸುಕೆ’ ಗೊಂಬೆ ಮಾತ್ರವಲ್ಲ, ಚಹಾ ಪುಡಿಯ ಭರಣಿಯ ಮುಚ್ಚಳ, ಗೋಡೆಗೆ ತೂಗುಹಾಕುವ ಸುರುಳಿಚಿತ್ರದ ಕೆಳಕೋಲಿನ ಎರಡು ತುದಿಗಳೂ ದಂತದ್ದಿರಬಹುದು. ಕಡಲಾಮೆಯ ಚಿಪ್ಪಿನ ‘ಬೆಕ್ಕೊ’ ಬಾಚಣಿಗೆಯೂ ಹಾಗೆಯೇ. ಜಪಾನಿನ ಅಂಗಡಿಯಲ್ಲಿ ರಾಜಾರೋಷವಾಗಿ ಇಟ್ಟಿರುತ್ತಾರೆ. ಅಂತರರಾಷ್ಟ್ರೀಯ ಒಪ್ಪಂದ ಮತ್ತು ನಮ್ಮ 1972ರ ವನ್ಯಜೀವಿ ಕಾಯ್ದೆ ಎರಡೂ ಇದನ್ನು ಗಡಿ ದಾಟಿಸಲು ಬಿಡುವುದಿಲ್ಲ. "ನೂರು ವರ್ಷ ಹಳೆಯದು" ಎಂಬ ವಾದ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ನಿಮ್ಮನ್ನು ಉಳಿಸುತ್ತದೆ ಎಂದು ನಂಬಬೇಡಿ.

ಹಂತ 9: ಬೆಲೆ ಕೇಳುವ ರೀತಿ

ಕೆ.ಆರ್. ಮಾರುಕಟ್ಟೆಯ ಚೌಕಾಸಿ ಅಲ್ಲಿ ನಡೆಯುವುದಿಲ್ಲ. ಅರ್ಧಕ್ಕೆ ಕೇಳಿದರೆ ವ್ಯಾಪಾರಿ ನಗುತ್ತಲೇ ವಸ್ತುವನ್ನು ಒಳಗಿಡುತ್ತಾನೆ. "ಸುಕೊಶಿ ಬೆನ್ಕ್ಯೋ ಶಿತೆ ಮೊರಾಎಮಾಸ್ ಕಾ" ಎನ್ನಿ. ‘ಬೆನ್ಕ್ಯೋ’ ಎಂದರೆ ಓದು, ಅಭ್ಯಾಸ. ವ್ಯಾಪಾರದ ಭಾಷೆಯಲ್ಲಿ ರಿಯಾಯಿತಿ. ಸ್ವಲ್ಪ ಓದಿಕೊಳ್ಳುತ್ತೀರಾ ಎಂದು ಕೇಳಿದಂತೆ. ಎರಡು ಮೂರು ಒಟ್ಟಿಗೆ ಕೊಂಡು ಒಂದೇ ಸಲ ಕೇಳಿ, ಒಂದು ಸಲ ಮಾತ್ರ. ರಸೀದಿ ‘ರ್‍ಯೋಶೂಶೊ’ ಬೇಕೆನ್ನಿ, ಅದರ ಮೇಲೆ ವಸ್ತುವಿನ ಹೆಸರು ಮತ್ತು ಕಾಲ ಬರೆಸಿ.

ಹಂತ 10: ಮನೆಗೆ ತರುವುದು

ಪಿಂಗಾಣಿಯನ್ನು ಕೈಚೀಲದಲ್ಲೇ ತನ್ನಿ. ಅಂಚೆಯಲ್ಲಿ ಕಳಿಸುವುದಾದರೆ ಪೆಟ್ಟಿಗೆಯೊಳಗೆ ಪೆಟ್ಟಿಗೆ, ನಡುವೆ ನಾಲ್ಕು ಬೆರಳು ಮೆತ್ತೆ. ಮುಚ್ಚಳವನ್ನು ಬೇರೆಯಾಗಿ ಸುತ್ತಿ.

ಬೀರುವೇ ಬೇಕೆಂದು ಹಟ ಹಿಡಿದವರು ಹಣ ಕೊಡುವ ಮೊದಲು ನಮ್ಮ ಕಡೆಯ ಕಸ್ಟಮ್ಸ್ ಏಜೆಂಟರ ಬಳಿ ಮಾತಾಡಲೇಬೇಕು. ನೂರು ವರ್ಷ ದಾಟಿದ ವಸ್ತುವಿಗೆ ಕಸ್ಟಮ್ಸ್ ಸುಂಕದ ಪಟ್ಟಿಯಲ್ಲಿ 9706 ಎಂಬ ಬೇರೆಯೇ ಶೀರ್ಷಿಕೆ ಇದೆ. ದಾಟಿದ್ದಕ್ಕೆ ಪುರಾವೆ ಇಲ್ಲದಿದ್ದರೆ ಅದು ಬರಿ ‘ಬಳಸಿದ ಪೀಠೋಪಕರಣ’, ಬಳಸಿದ ಸರಕಿನ ಆಮದಿಗೆ ಅನುಮತಿ ಬೇಕು. ಹಂತ 9ರ ರಸೀದಿ ಇಲ್ಲಿ ಕೆಲಸಕ್ಕೆ ಬರುತ್ತದೆ. ಪ್ಯಾಕಿಂಗ್ ಮರದ ಮೇಲೆ ಐಎಸ್‌ಪಿಎಂ 15 ಮುದ್ರೆ ಇದೆಯೇ ನೋಡಿ, ಹುಳು ಸಾಯಿಸಲು ಸಂಸ್ಕರಿಸಿದ ಗುರುತು ಅದು. ಹಡಗಿನ ಬಾಡಿಗೆ ಘನ ಮೀಟರ್ ಲೆಕ್ಕದಲ್ಲಿ, ಬೀರುವಿನ ಬೆಲೆಗಿಂತ ಸಾಗಣೆಯೇ ಹೆಚ್ಚಾಗುವುದು ಸಾಮಾನ್ಯ.

ಆಮದಿನ ಕಾಗದಗಳನ್ನು ಎಂದಿಗೂ ಬಿಸಾಡಬೇಡಿ. ನಮ್ಮ 1972ರ ಪುರಾತನ ವಸ್ತುಗಳ ಕಾಯ್ದೆ ನೂರು ವರ್ಷ ಹಳೆಯ ಕಲಾವಸ್ತುವನ್ನು ದೇಶದಿಂದ ಹೊರಗೆ ಒಯ್ಯದಂತೆ ತಡೆಯುತ್ತದೆ. ನಾಳೆ ನೀವು ಅಮೆರಿಕಕ್ಕೆ ಮನೆ ಬದಲಾಯಿಸಿದರೆ, ಇದು ಜಪಾನಿನಿಂದ ಬಂದದ್ದು ಎಂದು ತೋರಿಸಲು ಆ ಕಾಗದಗಳೇ ಗತಿ.

ಹಂತ 11: ಮನೆಯಲ್ಲಿ

ಹುಣಸೆಹಣ್ಣು ದೂರ ಇಡಿ. ನಮ್ಮ ಕೈ ಹಳೆಯ ಕಂಚು ಕಂಡರೆ ತಿಕ್ಕಲು ಓಡುತ್ತದೆ. ಹೂದಾನಿಯ ಮೇಲಿನ ಕಂದು-ಹಸಿರು ಪೊರೆಯೇ ಅದರ ವಯಸ್ಸು, ಒಮ್ಮೆ ಹೋದರೆ ಬೆಲೆಯೂ ಹೋಯಿತು.

ಬಣ್ಣದ ಚಿತ್ರವಿರುವ ಹಳೆಯ ಪಿಂಗಾಣಿಯ ಮೇಲ್ಬಣ್ಣದಲ್ಲಿ ಸೀಸ ಇರಬಹುದು. ಸಾರು, ಮೊಸರು, ಉಪ್ಪಿನಕಾಯಿ ಹಾಕಬೇಡಿ, ಹುಳಿ ಸೀಸವನ್ನು ಎಳೆಯುತ್ತದೆ. ಗಾಜುಲೇಪದ ಅಡಿಯಲ್ಲಿರುವ ನೀಲಿಗೆ ಈ ತೊಂದರೆ ಇಲ್ಲ. ಚಿನ್ನದ ಗೆರೆ ಇದ್ದದ್ದನ್ನು ಡಿಶ್‌ವಾಷರ್‌ಗೆ, ಮೈಕ್ರೊವೇವ್‌ಗೆ ಹಾಕಬೇಡಿ.

ಉರುಶಿ ಗಟ್ಟಿಯಾಗುವುದೇ ತೇವದ ಗಾಳಿಯಲ್ಲಿ. ಹಾಗಾಗಿ ಮಂಗಳೂರಿನ ಮಳೆಗಾಲಕ್ಕಿಂತ ಬೆಂಗಳೂರಿನ ಮಾರ್ಚ್ ತಿಂಗಳು, ಎಸಿ ಕೋಣೆ, ಕಿಟಕಿಯ ಬಿಸಿಲು ಅದಕ್ಕೆ ಹೆಚ್ಚು ಕೆಟ್ಟವು. ಕರಾವಳಿಯವರು ಬೂಷ್ಟು ಹಿಡಿಯದಂತೆ ತಿಂಗಳಿಗೊಮ್ಮೆ ಒಣಬಟ್ಟೆಯಲ್ಲಿ ಒರೆಸಿದರೆ ಸಾಕು. ಮರದ ವಸ್ತು ಮನೆಗೆ ಬಂದ ಮೊದಲ ತಿಂಗಳು ಬಿಳಿ ಕಾಗದದ ಮೇಲೆ ಬೇರೆಯಾಗಿ ಇಡಿ. ಹಿಟ್ಟಿನಂಥ ಪುಡಿ ಉದುರಿದರೆ ಕುಟ್ಟೆಹುಳು ಬದುಕಿದೆ ಎಂದರ್ಥ, ಉಳಿದ ಪೀಠೋಪಕರಣದ ಹತ್ತಿರ ಬಿಡಬೇಡಿ.

ಕೆಟಲಿನ ಒಳಗೆ ತುಕ್ಕು ಕಂಡು ಗಾಬರಿಯಾಗುವವರ ಫೋನು ಹೆಚ್ಚು. ಉಕ್ಕಿನ ನಾರು, ಸೋಪು ಮುಟ್ಟಿಸಬೇಡಿ. ನೀರು ತುಂಬಿ, ಬಳಸಿದ ಹಸಿರು ಚಹಾದ ಎಲೆಯನ್ನು ಬಟ್ಟೆಯಲ್ಲಿ ಕಟ್ಟಿ ಹಾಕಿ, ಸಣ್ಣ ಉರಿಯಲ್ಲಿ ಅರ್ಧ ಗಂಟೆ ಕುದಿಸಿ. ಚಹಾದ ಒಗರು ಕಬ್ಬಿಣದ ಜೊತೆ ಸೇರಿ ಕಪ್ಪು ಪೊರೆ ಕಟ್ಟುತ್ತದೆ, ಅಳಲೆಕಾಯಿಗೆ ಕಬ್ಬಿಣ ಸೇರಿಸಿ ಕಪ್ಪು ಬಣ್ಣ ತೆಗೆಯುವ ಅದೇ ಲೆಕ್ಕ. ನೀರು ಕೆಂಪಾಗುವುದು ನಿಲ್ಲುವವರೆಗೆ ಎರಡು ಮೂರು ದಿನ ಹೀಗೆ ಮಾಡಿ. ಆಮೇಲೆ ಪ್ರತಿ ಸಲ ನೀರು ಬಸಿದು, ಮುಚ್ಚಳ ತೆಗೆದು, ಕೆಟಲಿನ ಬಿಸಿಯಲ್ಲೇ ಒಳಗು ಆರಲು ಬಿಡಿ. ವರ್ಷ ಕಳೆದಂತೆ ಒಳಗೆ ಬಿಳಿ ಪದರ ಕಟ್ಟುತ್ತದೆ. ಬೋರ್‌ವೆಲ್ ನೀರಿನ ಊರುಗಳಲ್ಲಿ ಅದು ಬೇಗ ಬರುತ್ತದೆ, ಅದನ್ನು ಕೆರೆದು ತೆಗೆಯಬೇಡಿ.